ಜಿರಳೆಗೆ ಬೇಕಾದ್ದು ಬಿಸಿಲಲ್ಲ, ಪಸೆ

“ಬಿಸಿಲು ಹೆಚ್ಚಿದಷ್ಟೂ ಜಿರಳೆ ಹೆಚ್ಚು” ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಅದನ್ನು ಒರೆಗೆ ಹಚ್ಚುವ ಗೋಜಿಗೇ ಯಾರೂ ಹೋಗುವುದಿಲ್ಲ. ಆ ಮಾತು ನಿಜವಾಗಿದ್ದರೆ ಕರ್ನಾಟಕದಲ್ಲಿ ಜಿರಳೆಗಳ ತವರು ರಾಯಚೂರೋ ಕಲಬುರಗಿಯೋ ಆಗಬೇಕಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವರ್ಷವರ್ಷದ ಸಂಗತಿ. ಮಂಗಳೂರಿನಲ್ಲಿ ಹಾಗೆ ದಾಟುವುದಿಲ್ಲ. ಆದರೂ ಜಿರಳೆ ಮನೆಯೊಳಗಷ್ಟೇ ಅಲ್ಲ, ಹೊರಗೂ ಹನ್ನೆರಡು ತಿಂಗಳು ಸಲೀಸಾಗಿ ಬದುಕಬಲ್ಲ ಸ್ಥಿತಿ ಇರುವುದು ಕರಾವಳಿಯಲ್ಲಿ. ತೆಂಗಿನ ಮಡಲಿನ ರಾಶಿ, ಸೌದೆ ಕೊಟ್ಟಿಗೆ, ಹಂಚಿನ ಮಾಡಿನ ಸಂದು, ಬಚ್ಚಲ ಹಿಂದಿನ ಒದ್ದೆ ನೆಲ, ಎಲ್ಲವೂ ಅದಕ್ಕೆ ಒಗ್ಗುವ ಜಾಗಗಳೇ. ರಾಯಚೂರಿನ ಮೇ ತಿಂಗಳ ಬಟಾಬಯಲಿನಲ್ಲಿ ಮನೆಯ ಜಿರಳೆಗೆ ಒಂದು ಹಗಲು ಕಳೆಯುವುದೂ ಕಷ್ಟ.

ಕಾರಣ ಅದರ ಚರ್ಮದಲ್ಲಿದೆ. ಜಿರಳೆಯ ಮೈಗೆ ಜಿಡ್ಡಿನ ತೆಳುವಾದ ಲೇಪವಿದೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು ಅದರ ಕೆಲಸ. ಜೆ. ಎ. ರಾಮ್ಸೆ ಎಂಬ ಬ್ರಿಟಿಷ್ ಪ್ರಾಣಿವಿಜ್ಞಾನಿ ಜಿರಳೆಯ ಮೈಯಿಂದ ನೀರು ಆರುವ ವೇಗವನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದು 1935ರಲ್ಲಿ ಪ್ರಕಟಿಸಿದರು. ಸುಮಾರು 30 ಡಿಗ್ರಿಯವರೆಗೆ ಮೆಲ್ಲಗೆ ಸಾಗಿದ್ದ ನಷ್ಟ, ಅಲ್ಲಿಂದಾಚೆ ದಿಢೀರನೆ ಏರಿತ್ತು. ಆ ಬಿಸಿಗೆ ಜಿಡ್ಡಿನ ಲೇಪ ಸಡಿಲಗೊಂಡು ನೀರಿಗೆ ದಾರಿ ಬಿಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಈ ನಷ್ಟ ಅಷ್ಟಾಗಿ ಕಾಡದು. ಒಣಗಾಳಿಯಲ್ಲಾದರೆ ಅದು ಸಾವಿಗೆ ಸಮ. ಮರಿಗಳ ಪಾಡು ಇನ್ನೂ ಕಷ್ಟ, ಪುಟ್ಟ ಮೈ ಬೇಗ ಒಣಗುತ್ತದೆ.

ಹಾಗೆಂದು ಬಿಸಿಗೆ ಪಾತ್ರವೇ ಇಲ್ಲವೆಂದಲ್ಲ. 25ರಿಂದ 33 ಡಿಗ್ರಿಯ ನಡುವೆ ಜಿರಳೆಯ ಮೊಟ್ಟೆ ಬೇಗ ಒಡೆಯುತ್ತದೆ, ಮರಿ ಬೇಗ ಬಲಿಯುತ್ತದೆ. ಅಡುಗೆಮನೆಯ ಚಿಕ್ಕ ಕಂದು ಜಿರಳೆ, ಅಂದರೆ ಜರ್ಮನ್ ಜಿರಳೆ, ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ ಹೊತ್ತು ತಿರುಗುತ್ತದೆ. ಬೆಚ್ಚನೆಯ ಜಾಗದಲ್ಲಿ ಅದರ ಮರಿ ಎರಡು ತಿಂಗಳ ಆಸುಪಾಸಿನಲ್ಲಿ ತಾನೇ ಮರಿ ಹಾಕುವಷ್ಟು ಬೆಳೆದಿರುತ್ತದೆ. ಚಳಿಯಲ್ಲಿ ಈ ಲೆಕ್ಕ ಹಿಂದೆ ಬೀಳುತ್ತದೆ. ಬಿಸಿ ಸಂತಾನದ ವೇಗವನ್ನು ತೀರ್ಮಾನಿಸಿದರೆ, ಆ ಸಂತಾನ ಉಳಿಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನೀರು. ಹಸಿವನ್ನು ಜಿರಳೆ ಬೆರಗಾಗುವಷ್ಟು ಕಾಲ ತಡೆಯುತ್ತದೆ. ಕುಡಿಯಲು ನೀರೊಂದು ಸಿಕ್ಕರೆ ಜರ್ಮನ್ ಜಿರಳೆ ಅನ್ನವಿಲ್ಲದೆ ಒಂದು ತಿಂಗಳಿಗೂ ಹೆಚ್ಚು ಕಾಲ ಬದುಕುತ್ತದೆ. ಅನ್ನವೂ ನೀರೂ ಎರಡೂ ಇಲ್ಲವಾದರೆ ಎರಡು ವಾರ ಕಳೆಯುವುದೂ ಅನುಮಾನ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವ್ಯತ್ಯಾಸ ಗೊತ್ತಿದ್ದೀತು. ಮಯಾಮಿ, ಹ್ಯೂಸ್ಟನ್, ಲಾಸ್ ಏಂಜಲೀಸ್ ಮೂರೂ ಬೆಚ್ಚನೆಯ ಊರುಗಳೇ. ಮಯಾಮಿ, ಹ್ಯೂಸ್ಟನ್‌ಗಳ ಬೇಸಿಗೆ ಬೆವರಿನದು, ಮಳೆಯದು. ಅಲ್ಲಿ ದೊಡ್ಡ ಜಿರಳೆಗಳು ಮರದ ಪೊಟರೆಯಲ್ಲಿ, ತರಗೆಲೆಯಡಿಯಲ್ಲಿ ಆರಾಮಾಗಿರುತ್ತವೆ. ಲಾಸ್ ಏಂಜಲೀಸ್‌ನ ಬೇಸಿಗೆಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಹೊರಗೆ ಒಣಗುವ ಭಯವಿರುವುದರಿಂದ ಅಲ್ಲಿ ಅವು ನೀರು ಹಾಯಿಸಿದ ತೋಟ, ಚರಂಡಿ, ಮೀಟರ್ ಪೆಟ್ಟಿಗೆ ಎಂದು ಒದ್ದೆ ಇರುವಲ್ಲಿಗೇ ಅಂಟಿಕೊಳ್ಳುತ್ತವೆ.

ಹಾಗಾದರೆ ಮರುಭೂಮಿಯ ನಗರಗಳಲ್ಲಿ ಜಿರಳೆ ಇರಬಾರದಲ್ಲ? ಇವೆ, ಚೆನ್ನಾಗಿಯೇ ಇವೆ. ಅರಿಜೋನಾದ ಫೀನಿಕ್ಸ್‌ನಲ್ಲಿ, ನಮ್ಮ ಕರಾವಳಿಯವರು ದುಡಿಯಲು ಹೋಗಿರುವ ಕೊಲ್ಲಿಯ ಊರುಗಳಲ್ಲಿ, ನೆಲದ ಮೇಲೆ ಸುಡುವ ಬಿಸಿಲಿದ್ದರೂ ನೆಲದಡಿಯ ಒಳಚರಂಡಿ ಸದಾ ಬೆಚ್ಚಗೆ, ಸದಾ ಒದ್ದೆ. ಆ ಹವೆಯನ್ನು ಕಟ್ಟಿಕೊಟ್ಟವರು ನಾವೇ. ಫ್ರಿಜ್ಜಿನ ಹಿಂಬದಿಯನ್ನೇ ನೋಡಿ. ಕಂಪ್ರೆಸರ್‌ನ ಬಿಸಿ, ಕೆಳಗಿನ ತಟ್ಟೆಯಲ್ಲಿ ತೊಟ್ಟಿಕ್ಕಿ ನಿಂತ ನೀರು, ಮೇಲೆ ಕತ್ತಲು. ಕಲಬುರಗಿಯ ಉರಿಬೇಸಿಗೆಯಲ್ಲೂ ಆ ಗೇಣಗಲ ಜಾಗ ಒಂದು ಪುಟ್ಟ ಕರಾವಳಿ. ಒಣಗಾಳಿಗೆಂದು ಇಟ್ಟ ವಾಟರ್ ಕೂಲರ್‌ನ ಒದ್ದೆ ಹುಲ್ಲು, ತಳದ ತೊಟ್ಟಿಯೂ ಹಾಗೆಯೇ. ಊರಿನ ಹವೆಗಿಂತ ಮನೆಯೊಳಗಿನ ಹವೆ ಮುಖ್ಯ ಎನ್ನುವುದು ಇದಕ್ಕೇ.

“ಚಳಿ ದೇಶಗಳಲ್ಲಿ ಜಿರಳೆ ಇಲ್ಲ” ಎಂಬ ಇನ್ನೊಂದು ನಂಬಿಕೆಯೂ ಇಲ್ಲೇ ಬಿದ್ದುಹೋಗುತ್ತದೆ. ಮಾಸ್ಕೋ, ನ್ಯೂಯಾರ್ಕ್‌ಗಳಲ್ಲಿ ಹೊರಗೆ ಹಿಮ ಸುರಿಯುವಾಗಲೂ ಒಳಗೆ ಹೀಟರ್ ಉರಿಯುತ್ತಿರುತ್ತದೆ. ಆ ಶಾಖದಲ್ಲಿ ಜರ್ಮನ್ ಜಿರಳೆ ಚಳಿಗಾಲ ಕಳೆಯುತ್ತದೆ. ಜರ್ಮನಿಯೇನೂ ಅದರ ಮೂಲವಲ್ಲ. ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ಆ ಹೆಸರಿಟ್ಟ, ಉಳಿದುಕೊಂಡಿತು. 17 ದೇಶಗಳ ಜಿರಳೆಗಳ ವಂಶವಾಹಿಗಳನ್ನು ಹೋಲಿಸಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ಜಿರಳೆ ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಏಷ್ಯಾದ ಕಾಡುಜಿರಳೆಯೊಂದರಿಂದ ಕವಲೊಡೆದು, ಮನುಷ್ಯರ ಮನೆ ಸೇರಿ, ವ್ಯಾಪಾರದ ಸರಕಿನ ಜೊತೆ ಜಗತ್ತು ಸುತ್ತಿತು. ಬಚ್ಚಲಲ್ಲಿ ಕಾಣುವ ದೊಡ್ಡ ಕೆಂಪು ಜಿರಳೆಯ ಕಥೆಯೂ ಇಂಥದ್ದೇ. ಅಮೆರಿಕನ್ ಜಿರಳೆ ಎಂದು ಕರೆಸಿಕೊಳ್ಳುವ ಅದು ಹಡಗುಗಳಲ್ಲಿ ಆಫ್ರಿಕಾದಿಂದ ಅಮೆರಿಕಕ್ಕೆ ಹೋದದ್ದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಜಗತ್ತಿನಲ್ಲಿ 4,500ರಷ್ಟು ಬಗೆಯ ಜಿರಳೆಗಳಿವೆ. ಮನುಷ್ಯರ ಒಡನಾಟಕ್ಕೆ ಬಂದವು ಅವುಗಳಲ್ಲಿ ಸುಮಾರು 30 ಮಾತ್ರ. ಉಳಿದವುಗಳಲ್ಲಿ ಅನೇಕವು ಕಾಡಿನ ತರಗೆಲೆ ತಿಂದು ಮಣ್ಣಾಗಿಸುವ ಕೆಲಸದಲ್ಲಿವೆ. ಉತ್ತರ ಯೂರೋಪಿನ ಚಳಿಯಲ್ಲೇ ಬದುಕುವ ಜಿರಳೆಯೂ ಇದೆ. ಕ್ಯಾಲಿಫೋರ್ನಿಯಾದ ಮರಳಲ್ಲಿ ಹುದುಗಿ, ಗಾಳಿಯ ಆವಿಯಿಂದಲೇ ನೀರು ಹೀರಿಕೊಳ್ಳುವ ಜಿರಳೆಯೂ ಇದೆ. ಜಪಾನಿನ ಮೂಲದ, ಹಿಮವನ್ನೂ ತಡೆದುಕೊಳ್ಳಬಲ್ಲ ಒಂದು ಬಗೆ 2013ರಲ್ಲಿ ನ್ಯೂಯಾರ್ಕಿನ ಹೈಲೈನ್ ಉದ್ಯಾನದಲ್ಲಿ ಗುರುತಿಗೆ ಬಂತು. ನಾವು ಬಯ್ಯುವ ನಾಲ್ಕಾರು ಬಗೆಗಳ ಗುಣವನ್ನು ಇಡೀ ಕುಲಕ್ಕೆ ಹಚ್ಚುವುದು ನ್ಯಾಯವಲ್ಲ.

ನನ್ನನ್ನು ಹೆಚ್ಚು ನೋಯಿಸುವ ನಂಬಿಕೆ ಬೇರೆ: “ಜಿರಳೆ ಇದೆ ಎಂದರೆ ಆ ಮನೆಯವರು ಕೊಳಕರು.” ಈ ಮಾತಿನ ಏಟು ಬೀಳುವುದು ಬಹುಪಾಲು ಮನೆಯ ಹೆಣ್ಣುಮಕ್ಕಳ ಮೇಲೆ, ಹಳೆಯ ವಠಾರಗಳಲ್ಲಿ ಬಾಡಿಗೆಗಿರುವವರ ಮೇಲೆ. ದಿನಕ್ಕೆ ಎರಡು ಸಲ ನೆಲ ಒರೆಸುವವರ ಮನೆಯಲ್ಲೂ ಸಿಂಕಿನಡಿ ಪೈಪು ತೊಟ್ಟಿಕ್ಕುತ್ತಿದ್ದರೆ ಜಿರಳೆ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಪೈಪುಗಳು ಇಳಿಯುವ ಶಾಫ್ಟ್ ಒಂದೇ. ಒಂದು ಮನೆಯಲ್ಲಿ ಔಷಧಿ ಹೊಡೆಸಿದರೆ ಅವು ಪಕ್ಕದ ಮನೆಗೆ ಸರಿಯುತ್ತವೆ. ದಿನಸಿಯ ರಟ್ಟಿನ ಪೆಟ್ಟಿಗೆಯಲ್ಲಿ, ಸೆಕೆಂಡ್ ಹ್ಯಾಂಡ್ ಫ್ರಿಜ್ಜಿನಲ್ಲಿ ಮೊಟ್ಟೆಚೀಲ ಬಂದರೆ ಅದಕ್ಕೆ ಯಾರ ಕೊಳಕುತನ ಹೊಣೆ? ಎಂಜಲು, ಜಿಡ್ಡು ಬಿಟ್ಟರೆ ಅವು ಹೆಚ್ಚುತ್ತವೆ ಎಂಬುದು ಸತ್ಯ. ಆದರೆ ಬರುವುದಕ್ಕೆ ದಾರಿ, ಉಳಿಯುವುದಕ್ಕೆ ನೀರು ಕೊಟ್ಟದ್ದು ಬಹಳ ಸಲ ಕಟ್ಟಡವೇ.

ಅವಮಾನಕ್ಕೆ ಹೆದರಿ ಜನ ಬಾಯಿ ಬಿಡದಿದ್ದರೆ ತೊಂದರೆ ಮಕ್ಕಳಿಗೆ. ಜಿರಳೆಯ ಹಿಕ್ಕೆ, ಉದುರಿದ ಪೊರೆ ಪುಡಿಯಾಗಿ ಗಾಳಿಯಲ್ಲಿ ಬೆರೆತು ಉಸಿರಿನೊಳಗೆ ಹೋಗುತ್ತದೆ. ಅಮೆರಿಕದ ದೊಡ್ಡ ನಗರಗಳ ಬಡ ಬಡಾವಣೆಗಳಲ್ಲಿ ಉಬ್ಬಸವಿರುವ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಜಿರಳೆಯ ಅಲರ್ಜಿಯಿದ್ದು, ಮನೆಯಲ್ಲೂ ಜಿರಳೆಯ ಕಶ್ಮಲ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ಅವರ ತಾಯಂದಿರನ್ನು ಕೊಳಕರೆಂದು ಹಂಗಿಸಿದರೆ ಒಂದು ಮಗುವಿನ ಉಸಿರೂ ಹಗುರಾಗುವುದಿಲ್ಲ. ಪೈಪು ರಿಪೇರಿ ಮಾಡಿಸಬೇಕಾದ ಮನೆ ಮಾಲೀಕರನ್ನು ಕೇಳಬೇಕು.

“ಮಳೆ ಬಿದ್ದರೆ ಜಿರಳೆ ಹುಟ್ಟುತ್ತವೆ” ಎಂಬುದು ಅರ್ಧ ಸರಿ. ಮೊದಲ ಮಳೆಗೆ ಮೋರಿ ತುಂಬಿದಾಗ ಒಳಗಿದ್ದವು ಜೀವ ಉಳಿಸಿಕೊಳ್ಳಲು ಮೇಲೆ ಬರುತ್ತವೆ, ಅಷ್ಟೆ. ಬೇಸಿಗೆಯಲ್ಲಿ ಕಾಣುವುದಕ್ಕೆ ಬೇರೆ ಕಾರಣವಿದೆ. ಬಚ್ಚಲಿನ ಜಾಲರಿಯ ಕೆಳಗೆ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಎನ್ನುವ ಬಟ್ಟಲೊಂದು ಇರುತ್ತದೆ. ಅದರಲ್ಲಿ ನಿಂತ ನೀರೇ ಚರಂಡಿಗೂ ಮನೆಗೂ ನಡುವಿನ ಬಾಗಿಲು. ರಜೆಗೆಂದು ಊರಿಗೆ ಹೋದವರ ಮನೆಯಲ್ಲಿ ಆ ನೀರು ಆರಿಹೋಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಹಿಂತಿರುಗಿ ದೀಪ ಹಾಕಿದಾಗ ಕಾಣುವ ಕೆಂಪು ಜಿರಳೆಗಳು ಬಂದ ದಾರಿ ಅದು.

ಬೆಚ್ಚನೆಯ ನಾಡಿನಲ್ಲಿ ಅವಕ್ಕೆ ಶತ್ರುಗಳೂ ಇದ್ದಾರೆ. ಹಲ್ಲಿ, ಗೋಡೆಯ ದೊಡ್ಡ ಜೇಡ ಎಲ್ಲರಿಗೂ ಗೊತ್ತು. ಹಸಿರು-ನೀಲಿ ಹೊಳಪಿನ ಕಣಜವೊಂದು ಜಿರಳೆಯ ಮಿದುಳಿಗೇ ಚುಚ್ಚಿ, ಮಂಕಾದ ಅದನ್ನು ಮೀಸೆ ಹಿಡಿದು ಬಿಲಕ್ಕೆ ನಡೆಸಿಕೊಂಡು ಹೋಗಿ ಮೈಮೇಲೆ ಮೊಟ್ಟೆಯಿಡುತ್ತದೆ. ಇನ್ನೊಂದು ಕಪ್ಪು ಕಣಜ ಜಿರಳೆಯ ಮೊಟ್ಟೆಚೀಲದೊಳಗೇ ತನ್ನ ಮೊಟ್ಟೆ ಇಳಿಸುತ್ತದೆ. ಕಂಡದ್ದಕ್ಕೆಲ್ಲ ಸ್ಪ್ರೇ ಹೊಡೆದರೆ ಈ ನೆರವಿನವರೂ ಸಾಯುತ್ತಾರೆ.

ಆದ್ದರಿಂದ ಸ್ಪ್ರೇ ಡಬ್ಬಿಗೆ ಕೈಹಾಕುವ ಮೊದಲು ನೀರಿನ ಜಾಡು ಹಿಡಿಯಿರಿ. ತೊಟ್ಟಿಕ್ಕುವ ನಲ್ಲಿ ಸರಿಮಾಡಿಸಿ, ರಾತ್ರಿ ಮಲಗುವ ಮುನ್ನ ಸಿಂಕು ಒರೆಸಿ, ಫ್ರಿಜ್ಜಿನ ಹಿಂದಿನ ತಟ್ಟೆ ಖಾಲಿ ಮಾಡಿ, ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹೊಯ್ಯಿರಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಶಾಫ್ಟಿನ ಸೋರಿಕೆಯ ವಿಷಯವನ್ನು ಸಂಘದ ಸಭೆಯಲ್ಲಿ ಎತ್ತಿ, ಎಲ್ಲ ಮನೆಗಳಲ್ಲೂ ಒಟ್ಟಿಗೆ ಕೆಲಸ ಮಾಡಿಸಿ. ಪಕ್ಕದ ಮನೆಯವರನ್ನು ಮಾತ್ರ ದೂರಬೇಡಿ.