ಒಂದೇ ಅರಿಸಿನ, ಹಲವು ಹರಳು

ಬೆಳಗಾವಿ ಸೀಮೆಯಲ್ಲಿ ಬೆಳೆದ ಅರಿಸಿನವು ಸಾಂಗಲಿಯ ಪೇಟೆಗೆ ಬರುತ್ತದೆ. ಸಾಂಗಲಿಯ ಅರಿಸಿನವು ಪುಣೆಯ ಕನ್ನಡಿಗರ ಅಡುಗೆಮನೆಗೆ ಬರುತ್ತದೆ. ಒಗ್ಗರಣೆಗೆ ಒಂದು ಚಿಟಿಕೆ, ಕೆಮ್ಮಿದಾಗ ಬಿಸಿಹಾಲಿಗೆ ಇನ್ನೊಂದು, ಹಬ್ಬದ ದಿನ ಹೊಸ್ತಿಲಿಗೆ ಒಂದಿಷ್ಟು. ಹಿಂದೆ ಇದರ ಬಳಕೆ ಬಹುಮಟ್ಟಿಗೆ ಇಷ್ಟೇ ಆಗಿದ್ದಿತು. ಈಚೆಗೆ ಅದೇ ಅರಿಸಿನದ ಸಾರವು ಗುಳಿಗೆಯ ರೂಪ ತಳೆದು, 'ಶೇಕಡಾ 95' ಎಂಬ ಚೀಟಿಯನ್ನು ಹೊತ್ತು, ಔಷಧದಂಗಡಿಯ ಕಪಾಟನ್ನೇರಿದೆ. ಮಂಡಿನೋವಿನ ಹಿರಿಯರು ಬೆಲೆಯನ್ನು ಕಂಡು ಹುಬ್ಬೇರಿಸಿದರೂ ಕೊಳ್ಳದೆ ಬಿಡುತ್ತಿಲ್ಲ.

ಅರಿಸಿನದ ಹಳದಿಗೆ ಮುಖ್ಯ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವನ್ನು 1815ರಷ್ಟು ಹಿಂದೆಯೇ ಬೇರ್ಪಡಿಸಿದ್ದರು. ಅದರ ಅಣುರಚನೆ 1910ರಲ್ಲಿ ತಿಳಿಯಿತು. ಆದರೆ ಅಣುವನ್ನು ಅರಿತ ಮಾತ್ರಕ್ಕೆ ಪುಡಿಯನ್ನು ಅರಿತಂತಾಗಲಿಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪೇರುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಅಣುವೇ ಮಾರ್ಪಡುತ್ತದೆ. ಹರಳುಗಳ ಬಹುರೂಪತೆಯೆಂಬುದು ಇದಕ್ಕಿಂತ ಭಿನ್ನ. ಇಲ್ಲಿ ಅಣು ಅದೇ. ಅಣುಗಳು ಒಂದರ ಬದಿಗೊಂದು ಕೂಡುವ ಕ್ರಮ ಮಾತ್ರ ಬೇರೆ. ಅಷ್ಟೇ ಚುಕ್ಕಿಗಳನ್ನಿಟ್ಟು ಇಬ್ಬರು ಹೆಣ್ಣುಮಕ್ಕಳು ಎರಡು ಬಗೆಯ ರಂಗವಲ್ಲಿ ಬಿಡಿಸಿದಂತೆ.

ಬಹುಕಾಲ ಕರ್ಕ್ಯುಮಿನ್ನಿನ ಒಂದೇ ಹರಳುರೂಪ ತಿಳಿದಿದ್ದಿತು. ಹೈದರಾಬಾದ್ ವಿಶ್ವವಿದ್ಯಾನಿಲಯದ ಅಶ್ವಿನಿ ನಾಂಗಿಯಾ ಮತ್ತು ಸಂಗಡಿಗರು 2011ರಲ್ಲಿ ಇನ್ನೆರಡು ಹರಳುರೂಪಗಳನ್ನೂ, ಅಣುಗಳು ಯಾವ ಕ್ರಮಕ್ಕೂ ಒಳಪಡದ ಮತ್ತೊಂದು ರೂಪವನ್ನೂ ಪ್ರಕಟಪಡಿಸಿದರು. ಎರಡನೆಯ ಹರಳು ಮೊದಲಿನದಕ್ಕಿಂತ ಬೇಗ ಕರಗುತ್ತದೆಂಬುದು ಅವರ ಶೋಧದ ತಿರುಳು. ಇದೇ ನಾಂಗಿಯಾ ಅವರು 2016ರಲ್ಲಿ ಪುಣೆಯ ಪಾಷಾಣ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ನಿರ್ದೇಶಕರಾಗಿ ಬಂದರು. ಅಮೆರಿಕದಲ್ಲಿ ಅರಿಸಿನಕ್ಕೆ ದೊರೆತಿದ್ದ ಪೇಟೆಂಟು 1997ರಲ್ಲಿ ರದ್ದಾಗುವಂತೆ ಹೋರಾಡಿದ ಮಾಶೇಲ್ಕರ್ ಅವರೂ ಹಿಂದೆ ಅಲ್ಲಿಯೇ ನಿರ್ದೇಶಕರಾಗಿದ್ದವರು. ಅರಿಸಿನಕ್ಕೂ ಆ ಕಟ್ಟಡಕ್ಕೂ ಏನೋ ಋಣಾನುಬಂಧವಿರಬೇಕು!

ಕರಗುವುದಕ್ಕೇಕೆ ಇಷ್ಟು ಮಹತ್ತ್ವ? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಕರಗದ್ದನ್ನು ಕರುಳು ಹೀರಲಾರದು. ಹೀರಿದ ಅಲ್ಪಾಂಶವನ್ನೂ ಕರುಳಿನ ಗೋಡೆ ಮತ್ತು ಯಕೃತ್ತುಗಳು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಖಾತೆಗೆ ಹಾಕಿದ ಚೆಕ್ಕು ವಸೂಲಾಗುವವರೆಗೆ ಹಣವಲ್ಲ. ನುಂಗಿದ ಗುಳಿಗೆಯೂ ಹಾಗೆಯೇ. ಚೀಟಿಯ ಮೇಲಿನ 95 ಎಂಬ ಅಂಕಿ ದ್ರವ್ಯವೆಷ್ಟೆಂದು ಹೇಳುತ್ತದೆಯೇ ಹೊರತು ಅದರ ಹರಳು ಯಾವುದೆಂದು ಹೇಳುವುದಿಲ್ಲ.

ಬೇಗ ಕರಗುವ ರೂಪವನ್ನೇ ಮಾರಬಾರದೇಕೆ ಎಂದು ಕೇಳಬಹುದು. ಅಂತಹ ರೂಪಗಳು ಸಾಮಾನ್ಯವಾಗಿ ಅಸ್ಥಿರ. ಕಾಲಕ್ರಮದಲ್ಲಿ ನಿಧಾನವಾಗಿ ಕರಗುವ ಸ್ಥಿರರೂಪಕ್ಕೆ ತಿರುಗಬಹುದು. ಏಡ್ಸ್ ರೋಗದ ರಿಟೋನವಿರ್ ಎಂಬ ಔಷಧದಲ್ಲಿ 1998ರಲ್ಲಿ ಹೀಗೆಯೇ ಆಯಿತು. ಯಾರೂ ನಿರೀಕ್ಷಿಸದ, ಸುಲಭವಾಗಿ ಕರಗದ ಹೊಸ ಹರಳು ಕಾರ್ಖಾನೆಯಲ್ಲಿ ಕಾಣಿಸಿಕೊಂಡಿತು. ಅಣು ಬದಲಾಗಿರಲಿಲ್ಲ, ತೂಕ ಬದಲಾಗಿರಲಿಲ್ಲ. ಆದರೂ ಕ್ಯಾಪ್ಸೂಲುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು.

ಕರ್ಕ್ಯುಮಿನ್ನನ್ನು ದೇಹಕ್ಕೆ ದಕ್ಕಿಸುವ ಇನ್ನೊಂದು ದಾರಿಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದರು. 2 ಗ್ರಾಂ ಕರ್ಕ್ಯುಮಿನ್ನಿನೊಡನೆ ಕಾಳುಮೆಣಸಿನ ಸಾರವಾದ ಪೈಪರಿನ್ನನ್ನು 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಹಾಲಿಗೆ ಅರಿಸಿನದ ಜೊತೆ ಮೆಣಸು ಕುಟ್ಟಿ ಹಾಕುತ್ತಿದ್ದ ಅಜ್ಜಿಯರು ಇದನ್ನು ಕೇಳಿ ನಕ್ಕಾರು. ಆದರೆ ಪೈಪರಿನ್ ಯಕೃತ್ತಿನ ಕೆಲಸವನ್ನೇ ತಡೆಯುವುದರಿಂದ ಬೇರೆ ಔಷಧಗಳೂ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲಬಲ್ಲವು. 2019ರಲ್ಲಿ ಇಟಲಿಯಲ್ಲಿ ಅರಿಸಿನದ ಗುಳಿಗೆ ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವುಂಟಾದುದು ವರದಿಯಾಗಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರೂ ಯಕೃತ್ತಿನ ತೊಂದರೆಯುಳ್ಳವರೂ ಗುಳಿಗೆಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿಯೇ ಮುಂದುವರಿಯಬೇಕು. 'ಅರಿಸಿನ ತಾನೆ' ಎಂದು ಆ ಮಾತನ್ನೇ ಎತ್ತದವರು ಬಹಳ.

ಸಾರಿನ ಚಿಟಿಕೆಗೆ ಈ ಅಂಜಿಕೆ ಬೇಕಿಲ್ಲ. ಅದರಲ್ಲಿರುವ ಕರ್ಕ್ಯುಮಿನ್ ಕೆಲವೇ ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ ನೂರಾರು.