ಆಸ್ಪತ್ರೆಯ ಬಿಲ್ಲು: ಕಟ್ಟುವ ಮುನ್ನ ಲೆಕ್ಕ ಕೇಳಿರಿ

ರೈತ ಬಾಂಧವರೇ, ಗೊಬ್ಬರದ ಚೀಲದ ಮೇಲಿನ ಬೆಲೆ ನೋಡದೆ ನೀವು ಹಣ ಎಣಿಸುವುದಿಲ್ಲ. ಮಂಡಿಯಲ್ಲಿ ತೂಕ, ಹಮಾಲಿ ಎಲ್ಲವನ್ನೂ ತಾಳೆ ನೋಡುತ್ತೀರಿ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತು ಸಾವಿರವೆಂದು ಹೇಳಿ ಅರವತ್ತು ಸಾವಿರದ ಬಿಲ್ಲು ಕೈಗಿತ್ತರೂ ಬಾಯಿ ಬರುವುದಿಲ್ಲ. ಎತ್ತು ಮಾರಿ, ಒಡವೆ ಅಡವಿಟ್ಟು ಕಟ್ಟಿ ಬರುತ್ತೀರಿ. ಲೆಕ್ಕ ಕೇಳುವ ಹಕ್ಕು ನಿಮಗಿದೆ.

ಸೇರಿಸುವಾಗ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದರಂತೆ ಆಸ್ಪತ್ರೆಯವರು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ರಸ್ತೆ ಅಪಘಾತ, ಸುಟ್ಟಗಾಯ, ವಿಷಬಾಧೆಯಂಥ ತುರ್ತಿನಲ್ಲಿ ಮುಂಗಡ ಹಣ ಬರಲಿಲ್ಲವೆಂದು ಜೀವ ಉಳಿಸುವ ಚಿಕಿತ್ಸೆ ನಿಲ್ಲಿಸುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದು.

ಖರ್ಚಿನ ಅಂದಾಜನ್ನು ಬರಹದಲ್ಲಿಯೇ ಪಡೆಯಿರಿ. ರೇಷನ್ ಕಾರ್ಡನ್ನು ಮೊದಲ ದಿನವೇ ತೋರಿಸಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತು, 2022–23ರಲ್ಲಿ ಮತ್ತೆ ಜಾರಿಗೆ ಬಂದಿತು. ನೋಂದಣಿಯ ವಿವರವನ್ನು ನಿಮ್ಮ ಸಂಘದಲ್ಲಿ ವಿಚಾರಿಸಿರಿ.

ಬಿಲ್ಲು ಬಂದಾಗ

ಒಟ್ಟು ಮೊತ್ತಕ್ಕೆ ತೃಪ್ತರಾಗಬೇಡಿ. ಬಾಬುವಾರು ಬಿಲ್ಲು ಕೇಳಿರಿ. ಹಾಸಿಗೆ ಬಾಡಿಗೆಯ ದಿನಗಳನ್ನು ಎಣಿಸಿರಿ. ಬಳಸದೆ ಉಳಿದ ಔಷಧಿಯ ಹಣ ಕಳೆದಿದ್ದಾರೆಯೇ, ಮಾಡದ ಪರೀಕ್ಷೆ ಸೇರಿದೆಯೇ ನೋಡಿರಿ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿನಿಯಮ. ಬಿಲ್ಲು ಹೆಚ್ಚಿದ ಮಾತ್ರಕ್ಕೆ ಮೋಸವೆನ್ನಲಾಗದು. ಕಾಯಿಲೆ ಉಲ್ಬಣಿಸಿದರೆ ಖರ್ಚೂ ಏರುತ್ತದೆ. ಆದರೆ ಕಾರಣ ಹೇಳುವ ಹೊಣೆ ಆಸ್ಪತ್ರೆಯವರದು.

ತಕರಾರು ಎಲ್ಲಿಗೆ?

ಮೊದಲು ಆಸ್ಪತ್ರೆಯ ಆಡಳಿತಕ್ಕೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ರುಜು ಪಡೆಯಿರಿ. ವಿಧಿಯಿಲ್ಲದೆ ಹಣ ಕಟ್ಟಬೇಕಾದರೆ ನಿಮ್ಮ ಆಕ್ಷೇಪಣೆಯನ್ನು ಅದರಲ್ಲಿಯೇ ಬರೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ದೂರು ಕೊಡಬಹುದು.

ಮೂರನೆಯ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪು ನೀಡಿದೆ. 2019ರ ಕಾಯಿದೆಯಂತೆ, ಆಸ್ಪತ್ರೆ ದೂರದ ನಗರದಲ್ಲಿದ್ದರೂ ನಿಮ್ಮ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎರಡು ವರ್ಷದ ಗಡುವು ಮಾತ್ರ ಮೀರದಿರಲಿ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯ ಸಲಹೆ ಸಿಗುತ್ತದೆ.

ಪಹಣಿ, ಪಾಸ್‌ಬುಕ್ಕುಗಳ ಜೊತೆಗೆ ಆಸ್ಪತ್ರೆಯ ಪ್ರತಿ ಚೀಟಿಯನ್ನೂ ಜೋಪಾನ ಮಾಡಿರಿ. ಓದುಬರಹ ಬಲ್ಲ ಯುವಕರು ಬಾರದವರಿಗೆ ಅರ್ಜಿ ಬರೆದುಕೊಡಲಿ. ಒಂದು ಹಾಳೆಯ ಅರ್ಜಿ ಒಂದು ಜೋಡಿ ಎತ್ತನ್ನು ಉಳಿಸಬಹುದು.