ಹೆಪ್ಪುಮಂಜೂ ತರಕಾರಿಯ ಬಿತ್ತನೆಯೂ

ನಮ್ಮ ನಾಡಿನ ಒಕ್ಕಲಿಗನು ಬಿತ್ತನೆಗೆ ಕೈಹಾಕುವ ಮುನ್ನ ಆಕಾಶವನ್ನು ನೋಡುತ್ತಾನೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಎಣಿಸಿ, ಯಾವ ಮಳೆಗೆ ಯಾವ ಬೀಜವೆಂಬುದನ್ನು ಆತ ಹಿರಿಯರಿಂದ ಅರಿತಿರುತ್ತಾನೆ. ಆದರೆ ಮಳೆಯನ್ನಲ್ಲ, ಚಳಿಯನ್ನು ಲೆಕ್ಕ ಹಾಕಿ ಬಿತ್ತಬೇಕಾದ ನಾಡುಗಳೂ ಭೂಮಿಯ ಮೇಲುಂಟು. ಅಮೇರಿಕದ ಚಿಕಾಗೊ ನಗರವು ಅಂಥವುಗಳಲ್ಲೊಂದು.

ನಾವು ಈ ಶಾಲೆಗೆ ಬಂದ ಮೊದಲ ವರ್ಷ ಪಾಠ ಹೇಳಿದ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈಗ ಚಿಕಾಗೊದಿಂದ ಪಶ್ಚಿಮಕ್ಕೆ ಸುಮಾರು ೪೦ ಕಿಲೋಮೀಟರು ದೂರದ ಉಪನಗರದಲ್ಲಿ ಸಂಸಾರ ಹೂಡಿದ್ದಾಳೆ. ಆಕೆ ಫೆಬ್ರವರಿಯ ಕೊನೆಗೆ ಮನೆಯೊಳಗೆ ಕಿಟಕಿಯ ಬಳಿ ಕುಂಡಗಳಲ್ಲಿ ಟೊಮ್ಯಾಟೊ ಮತ್ತು ಬದನೆಯ ಬೀಜಗಳನ್ನು ಹಾಕಿ, ಎರಡು ತಿಂಗಳು ಸಸಿಗಳನ್ನು ಕೂಸುಗಳಂತೆ ಸಾಕಿ, ಏಪ್ರಿಲ್ ಕೊನೆಯ ವಾರದಲ್ಲಿ ಅಂಗಳದ ಪಾತಿಗೆ ನೆಟ್ಟಳು. ಮೇ ಮೊದಲ ವಾರದ ಒಂದು ಮುಂಜಾವಿನಲ್ಲಿ ಎದ್ದು ನೋಡುವಾಗ ಇಪ್ಪತ್ತನಾಲ್ಕು ಸಸಿಗಳೂ ಬೇಯಿಸಿದ ಸೊಪ್ಪಿನಂತೆ ನೆಲಕ್ಕೊರಗಿದ್ದವು. “ಗುರುಗಳೇ, ತಾರೀಖು ನೋಡಿಯೇ ನೆಟ್ಟೆನಲ್ಲ, ತಪ್ಪಿದ್ದೆಲ್ಲಿ?” ಎಂದು ನಮಗೆ ಬರೆದಳು. ನಾವು ಕಲಿಸುವುದು ಭಾಷೆಯನ್ನು. ಆದರೂ ಶಿಷ್ಯೆಯ ಪ್ರಶ್ನೆಗೆ ಉತ್ತರ ಹುಡುಕದೆ ಇರಲಾಗಲಿಲ್ಲ. ಹುಡುಕಿ ತಿಳಿದುದನ್ನು ಇಲ್ಲಿ ನಿರೂಪಿಸುತ್ತೇವೆ.

ಮೊದಲು ಹೆಪ್ಪುಮಂಜು ಎಂದರೇನೆಂಬುದನ್ನು ತಿಳಿಯೋಣ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ಹಗಲಿನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗನೆ ತಣ್ಣಗಾಗುತ್ತದೆ. ಎಲೆಯ ಮೈ ಸೊನ್ನೆ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದಾಗ ಗಾಳಿಯ ತೇವವು ಅದರ ಮೇಲೆ ಇಬ್ಬನಿಯಾಗುವ ಬದಲು ಬಿಳಿಯ ಹರಳಾಗಿ ಕೂರುತ್ತದೆ. ಅದೇ ಹೆಪ್ಪುಮಂಜು. ಎಲೆಯೊಳಗಿನ ನೀರೂ ಹೆಪ್ಪುಗಟ್ಟಿದರೆ ಜೀವಕೋಶಗಳು ನೀರು ಕಳೆದುಕೊಂಡು ಹರಿದುಹೋಗುತ್ತವೆ. ಬಿಸಿಲೇರಿದಂತೆ ಎಲೆ ಬಾಡಿ ಕಪ್ಪಾಗುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ತಗ್ಗಿಗೆ ಹರಿದು ನಿಲ್ಲುತ್ತದೆ. ಆದ್ದರಿಂದ ಆಳೆತ್ತರದಲ್ಲಿ ತೂಗಿಸಿದ ಉಷ್ಣಮಾಪಕವು ೨ ಡಿಗ್ರಿ ತೋರಿಸುತ್ತಿರುವಾಗಲೇ ನೆಲದ ಸಸಿಯ ಮೇಲೆ ಮಂಜು ಹೆಪ್ಪುಗಟ್ಟಿರುವುದುಂಟು.

ಇನ್ನು ಸರೋವರದ ಪ್ರಭಾವ. ಚಿಕಾಗೊ ನಗರವು ಮಿಚಿಗನ್ ಸರೋವರದ ನೈಋತ್ಯ ದಂಡೆಯಲ್ಲಿದೆ. ಅದರ ವಿಸ್ತೀರ್ಣ ಸುಮಾರು ೫೮,೦೦೦ ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಡಿಮೆ. ಸರಾಸರಿ ಆಳ ೮೫ ಮೀಟರು. ನೀರು ಮಣ್ಣಿಗಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಇದನ್ನು ಅರಿಯಲು ಮುಂಬಯಿಯ ಮಕ್ಕಳು ದೂರ ಹೋಗಬೇಕಾಗಿಲ್ಲ. ಜನವರಿಯ ಕೆಲವು ರಾತ್ರಿಗಳಲ್ಲಿ ನಾಸಿಕ ಜಿಲ್ಲೆಯ ನಿಫಾಡದಲ್ಲಿ ಉಷ್ಣಮಾನವು ೫ ಡಿಗ್ರಿಗಿಂತ ಕೆಳಗಿಳಿದು, ದ್ರಾಕ್ಷಿಯ ತೋಟದವರು ಬೆಂಕಿ ಹಾಕಿ ಬಳ್ಳಿಗಳನ್ನು ಕಾಯುತ್ತಾರೆ. ಆದರೆ ಕೊಲಾಬಾದಲ್ಲಿ ಅದು ೧೫ ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ನಮ್ಮ ಪಕ್ಕದ ಸಮುದ್ರ. ಹಾಗೆಯೇ ಚಿಕಾಗೊದ ದಂಡೆಯ ಬೀದಿಗಳಲ್ಲಿ ವಸಂತದ ಕೊನೆಯ ಹೆಪ್ಪುಮಂಜು ಸಾಮಾನ್ಯವಾಗಿ ಏಪ್ರಿಲ್ ನಡುವಿಗೆ ಮುಗಿದರೆ, ಒಳನಾಡಿನ ಉಪನಗರಗಳಲ್ಲಿ ಏಪ್ರಿಲ್ ಕೊನೆಯವರೆಗೂ, ಕೆಲವೆಡೆ ಮೇ ತಿಂಗಳಿಗೂ ಮುಂದುವರಿಯುತ್ತದೆ. ಕಲ್ಲು ಕಾಂಕ್ರೀಟಿನ ಕಟ್ಟಡಗಳು ಹಿಡಿದಿಡುವ ಶಾಖವೂ ನಗರದ ಪಾಲಿಗೆ ನೆರವಾಗುತ್ತದೆ. ನಮ್ಮ ಶಿಷ್ಯೆ ಓದಿದ ತಾರೀಖು ಸುಳ್ಳಲ್ಲ. ಅದು ದಂಡೆಯವರ ತಾರೀಖು.

ಆದರೆ ದಂಡೆಯಲ್ಲಿರುವವರಿಗೂ ಸರೋವರವು ಎಲ್ಲವನ್ನೂ ಕೊಡುವುದಿಲ್ಲ. ಮೇ ಆರಂಭದಲ್ಲಿ ಅದರ ನೀರು ಸಾಮಾನ್ಯವಾಗಿ ೧೦ ಡಿಗ್ರಿಯನ್ನೂ ಮುಟ್ಟಿರುವುದಿಲ್ಲ. ಅದರ ಮೇಲಿಂದ ಬೀಸುವ ಗಾಳಿ ಹಗಲನ್ನೂ ತಣ್ಣಗಾಗಿಸುತ್ತದೆ. ಹೀಗಾಗಿ ಬೇಗ ನೆಟ್ಟ ಟೊಮ್ಯಾಟೊ ಸಸಿ ಅಲ್ಲಿ ಸಾಯದಿದ್ದರೂ ಬೆಳೆಯದೆ ನಿಂತಿರುತ್ತದೆ. ಮಂಜು ಮುಗಿದುದೇ ಬೇರೆ, ಮಣ್ಣು ಬೆಚ್ಚಗಾದುದೇ ಬೇರೆ.

ಎರಡನೆಯ ತೊಡಕು ಸರಾಸರಿ ಎಂಬ ಮಾತಿನಲ್ಲಿದೆ. ತರಗತಿಯ ಸರಾಸರಿ ಅಂಕ ೫೦ ಎಂದಾಗ ಎಲ್ಲರೂ ೫೦ ಪಡೆದರೆಂದು ಯಾರೂ ತಿಳಿಯುವುದಿಲ್ಲ. ೩೦ ಪಡೆದವರೂ ಅಲ್ಲಿರುತ್ತಾರೆ. ಹಾಗೆಯೇ ಕೊನೆಯ ಹೆಪ್ಪುಮಂಜಿನ ಸರಾಸರಿ ತಾರೀಖೆಂದರೆ, ಹೆಚ್ಚುಕಡಿಮೆ ಎರಡು ವರ್ಷಗಳಿಗೊಮ್ಮೆ ಅದಾದ ಮೇಲೂ ಮಂಜು ಬೀಳುತ್ತದೆಂದೇ ಅರ್ಥ. ಅಲ್ಲಿಯ ಹವಾಮಾನ ಇಲಾಖೆಯು ೧೯೯೧ರಿಂದ ೨೦೨೦ರವರೆಗಿನ ಮೂವತ್ತು ವರ್ಷಗಳ ದಾಖಲೆಯಿಂದ ಇನ್ನೊಂದು ತಾರೀಖನ್ನೂ ಲೆಕ್ಕಹಾಕಿ ಕೊಡುತ್ತದೆ. ಅದರ ನಂತರ ಮಂಜು ಬೀಳುವುದು ಹತ್ತು ವರ್ಷಗಳಲ್ಲಿ ಒಂದು ಸಲ ಮಾತ್ರ. ಎಳೆಯ ಸಸಿಯನ್ನು ನೆಡುವವರು ನೋಡಬೇಕಾದುದು ಈ ಎರಡನೆಯ ತಾರೀಖನ್ನು. ಒಳನಾಡಿನ ಉಪನಗರಗಳಲ್ಲಿ ಅದು ಸುಮಾರಾಗಿ ಮೇ ನಡುಭಾಗಕ್ಕೆ ಬರುತ್ತದೆ.

ಹಾಗೆಂದು ಎಲ್ಲ ಬೀಜಗಳನ್ನೂ ಅಲ್ಲಿಯವರೆಗೆ ಕಟ್ಟಿಡಬೇಕಾಗಿಲ್ಲ. ಬಟಾಣಿ ಮತ್ತು ಪಾಲಕ್ ಸೊಪ್ಪು ಚಳಿಯನ್ನು ತಾಳುತ್ತವೆ. ಮಣ್ಣು ಕೆದಕಲು ಬರುವಷ್ಟು ಸಡಿಲವಾದೊಡನೆ, ಅಂದರೆ ಸರಾಸರಿ ತಾರೀಖಿಗೆ ನಾಲ್ಕರಿಂದ ಆರು ವಾರ ಮೊದಲೇ ಅವನ್ನು ಬಿತ್ತಬಹುದು. ಮೂಲಂಗಿ, ಗಜ್ಜರಿಗಳ ಬೀಜ ಮತ್ತು ಎಲೆಕೋಸಿನ ಸಸಿಗಳಿಗೆ ಎರಡರಿಂದ ನಾಲ್ಕು ವಾರ ಮೊದಲು ಸರಿಯಾದ ಕಾಲ. ಹುರುಳಿಕಾಯಿ ಬೀಜಕ್ಕೆ ಮಣ್ಣು ೧೫ ಡಿಗ್ರಿಯಾದರೂ ಬೆಚ್ಚಗಿರಬೇಕು. ಟೊಮ್ಯಾಟೊಗೆ ರಾತ್ರಿಯ ಉಷ್ಣಮಾನವು ೧೦ ಡಿಗ್ರಿಗಿಂತ ಮೇಲಿರಬೇಕು. ನಮ್ಮವರ ಅಚ್ಚುಮೆಚ್ಚಿನ ಬದನೆ, ಬೆಂಡೆ, ಮೆಣಸಿನಕಾಯಿಗಳು ಉಷ್ಣದೇಶದ ಸಸ್ಯಗಳು. ಅವಕ್ಕೆ ಮೇ ಕೊನೆಯ ವಾರವೇ ಲೇಸು. ಮೇ ಎರಡನೆಯ ಭಾನುವಾರ ಆ ದೇಶದಲ್ಲಿ ತಾಯಂದಿರ ದಿನ. ಅದು ಕಳೆಯುವವರೆಗೆ ಟೊಮ್ಯಾಟೊ ನೆಡಬಾರದೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ನಮ್ಮ ಮಳೆ ನಕ್ಷತ್ರಗಳಂತೆ ಅದೂ ಅನುಭವದಿಂದ ಹುಟ್ಟಿದ ಮಾತು.

ಮನೆಯೊಳಗೆ ಬೆಳೆದ ಸಸಿಯನ್ನು ಒಮ್ಮೆಗೇ ಹೊರಗೆ ನೆಡಲೂಬಾರದು. ಏಳೆಂಟು ದಿನ, ಮೊದಲು ಒಂದೆರಡು ಗಂಟೆ, ಆಮೇಲೆ ಇಡೀ ಹಗಲು ಹೊರಗಿಟ್ಟು ಗಾಳಿ ಬಿಸಿಲುಗಳಿಗೆ ಒಗ್ಗಿಸಬೇಕು. ನೆಟ್ಟ ಮೇಲೆ ಮಂಜಿನ ಮುನ್ಸೂಚನೆ ಬಂದರೆ ಸಂಜೆಯೇ ಹಳೆಯ ಹಚ್ಚಡವನ್ನು ನೆಲ ಮುಟ್ಟುವಂತೆ ಹೊದಿಸಿ, ಬೆಳಗ್ಗೆ ಬಿಸಿಲೇರಿದ ಮೇಲೆ ತೆಗೆದರಾಯಿತು. ನೆಲದಿಂದೇಳುವ ಶಾಖವನ್ನು ಅದು ಹಿಡಿದಿಡುತ್ತದೆ.

ಕಾಲವನ್ನು ತಪ್ಪಾಗಿ ಎಣಿಸಿದರೆ ಆಗುವ ಹಾನಿ ಅಂಗಳದ ಪಾತಿಗೆ ಮಾತ್ರ ಸೀಮಿತವಲ್ಲ. ಸರೋವರದ ಪೂರ್ವ ದಂಡೆಯಲ್ಲಿ ಮಿಚಿಗನ್ ರಾಜ್ಯದ ಹಣ್ಣಿನ ತೋಟಗಳಿವೆ. ವಸಂತದಲ್ಲಿ ನೀರಿನ ಮೇಲಿಂದ ಬರುವ ತಣ್ಣನೆಯ ಗಾಳಿ, ಮಂಜಿನ ಕಾಲ ಕಳೆಯುವವರೆಗೆ ಮರಗಳು ಹೂಬಿಡದಂತೆ ತಡೆದು, ಅವುಗಳನ್ನು ಕಾಯುತ್ತದೆ. ೨೦೧೨ರ ಮಾರ್ಚ್ ತಿಂಗಳಲ್ಲಿ ಆ ಪ್ರಾಂತವೆಲ್ಲ ಬೇಸಗೆಯಂತೆ ಕಾಯಿತು. ಚಿಕಾಗೊದಲ್ಲಿಯೇ ಹಲವು ದಿನ ಉಷ್ಣಮಾನವು ೨೭ ಡಿಗ್ರಿ ಮುಟ್ಟಿತು. ಮರಗಳು ಮೋಸಹೋಗಿ ಅಕಾಲದಲ್ಲಿ ಹೂಬಿಟ್ಟವು. ಏಪ್ರಿಲ್‌ನಲ್ಲಿ ಮಂಜು ಎಂದಿನಂತೆಯೇ ಬಂತು. ಆ ರಾಜ್ಯದ ಸೇಬಿನ ಬೆಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಾಶವಾಯಿತು. ಭೂಮಿ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಮಂಜಿನ ಭಯ ತೊಲಗಿತೆಂದು ತಿಳಿಯುವವರು ಇದನ್ನು ನೆನೆಯಬೇಕು. ಬಿಸಿಲು ಬೇಗ ಬಂದ ಮಾತ್ರಕ್ಕೆ ಮಂಜು ಬೇಗ ಹೋಗುವುದಿಲ್ಲ.

ನಾವು ಇಷ್ಟನ್ನೂ ಬರೆದು ಕಳುಹಿಸಿ, ಕೊನೆಗೆ ಒಂದು ಮಾತನ್ನು ಸೇರಿಸಿದೆವು. ನಿನ್ನ ಅಂಗಳದಲ್ಲಿ ವಸಂತದ ಕೊನೆಯ ಮಂಜು ಎಂದು ಬಿತ್ತು, ಶರತ್ಕಾಲದ ಮೊದಲ ಮಂಜು ಎಂದು ಬಿತ್ತು ಎಂಬುದನ್ನು ವರ್ಷವರ್ಷವೂ ಬರೆದಿಡು ಎಂದೆವು. ಈ ವರ್ಷ ಆಕೆ ಮೇ ಮೂರನೆಯ ವಾರ ಟೊಮ್ಯಾಟೊವನ್ನೂ ಮೇ ಕೊನೆಗೆ ಬದನೆಯನ್ನೂ ನೆಟ್ಟಳು. ಆಗಸ್ಟ್ ತಿಂಗಳಲ್ಲಿ ಬಂದ ಪತ್ರದಲ್ಲಿ ಎಣ್ಣೆಗಾಯಿ ಮಾಡಿದ ಸುದ್ದಿಯಿತ್ತು. ಅದರ ಕೆಳಗೆ, ಹೊಸ ಪುಸ್ತಕದ ಮೊದಲ ಪುಟದಲ್ಲಿ ತಾನು ಬರೆದಿಟ್ಟ ಒಂದೇ ಒಂದು ತಾರೀಖಿತ್ತು. ಇನ್ನು ಹತ್ತು ವರ್ಷ ಕಳೆದರೆ ಆ ಅಂಗಳದ ಮಟ್ಟಿಗೆ ಅದಕ್ಕಿಂತ ನಂಬಬಹುದಾದ ಪುಸ್ತಕ ಬೇರೊಂದಿರಲಾರದು.